ಅಳೆಯದೆ ಬಿಚ್ಚಬೇಡಿ

ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲೋ ಹೊನ್ನಾಳಿ ಸೀಮೆಯ ಗದ್ದೆ ಬಯಲಿನಲ್ಲೋ ದುಡಿದು ದಣಿದ ಹಳೆಯ ಫೋರ್ ವೀಲ್ ಜೀಪು ಗ್ಯಾರೇಜಿಗೆ ಬರುವುದು ಸಾಮಾನ್ಯವಾಗಿ ಎರಡು ದೂರು ಹೊತ್ತು. ತಿರುವಿನಲ್ಲಿ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಸದ್ದು. ಹೈವೇಯಲ್ಲಿ ಅರವತ್ತು ದಾಟಿದರೆ ಸ್ಟೀರಿಂಗ್‌ಗೆ ನಡುಕ. ಹತ್ತು ನಿಮಿಷದೊಳಗೆ ತೀರ್ಪು ಬಂದುಬಿಡುತ್ತದೆ: ಕ್ರಾಸ್ ಹೋಗಿದೆ, ಬದಲಿಸಬೇಕು. ಬದಲಿಸಿದ ಮೇಲೆ ಸದ್ದು ನಿಲ್ಲುತ್ತದೆ. ಎರಡು ತಿಂಗಳಿಗೆ ಅದೇ ಚಕ್ರ, ಅದೇ ಸದ್ದು, ಮತ್ತೊಂದು ಕ್ರಾಸ್. ಈ ಸಲ ಜೊತೆಗೆ ಟೈ ರಾಡ್ ಎಂಡ್ ಸೇರುತ್ತದೆ, ಮುಂದಿನ ಸಲ ಹಬ್ ಬೇರಿಂಗ್. ಕೊನೆಗೆ ಬೇಸತ್ತ ಮಾಲೀಕ ಹಳೇ ಗಾಡಿಯ ಹಣೆಬರಹವೇ ಇಷ್ಟು ಎಂದು ಗುಜರಿಗೆ ಹಾಕುತ್ತಾನೆ. ಇಲ್ಲವೇ ದಪ್ಪ ಶಾಫ್ಟು, ದೊಡ್ಡ ಟೈರು ಹಾಕಿಸಿ ‘ಅಪ್‌ಗ್ರೇಡ್’ ಮಾಡಿಸುತ್ತಾನೆ. ಎರಡೂ ದಾರಿಯಲ್ಲಿ ತಪ್ಪಿಹೋಗುವ ಕೆಲಸ ಒಂದೇ: ಯಾವ ಕೀಲು ಎಷ್ಟು ಸವೆದಿದೆ ಎಂದು ಅಳೆದು ನೋಡುವುದು. ನನ್ನ ವಾದ ಇಷ್ಟು. ಮುಂದಿನ ಎಕ್ಸೆಲ್ಲಿನ ಕೀಲುಗಳಲ್ಲಿರುವ ಆಟವನ್ನು, ಅಂದರೆ ಗ್ಯಾರೇಜಿನವರು ‘ಪ್ಲೇ’ ಎನ್ನುವುದನ್ನು, ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು ಬರೆದುಕೊಡುವ ತನಕ ಯಾವ ಭಾಗವನ್ನೂ ಬದಲಿಸಬಾರದು, ಯಾವ ಗಾಡಿಯನ್ನೂ ಗುಜರಿಗೆ ತಳ್ಳಬಾರದು, ಯಾವ ಅಪ್‌ಗ್ರೇಡಿಗೂ ಕೈಹಾಕಬಾರದು. ಈ ರೂಢಿಯನ್ನು ರಾಜ್ಯದಲ್ಲಿ ಮೊದಲು ಬೆಳೆಸಬೇಕಾದ ಊರುಗಳು ದಾವಣಗೆರೆ ಮತ್ತು ಹರಿಹರ.

ಈ ಎರಡೂರಿನ ಮೇಲೇ ಯಾಕೆ ಈ ಹೊರೆ ಎಂದರೆ, ಅಳತೆ ಇಲ್ಲಿಯವರ ಕೈಗೆ ಹೊಸದಲ್ಲ. ಹರಿಹರ ಎಂದರೆ ಹರಿಹರೇಶ್ವರ ಮತ್ತು ತುಂಗಭದ್ರೆ ಎನ್ನುವಷ್ಟೇ ಸಹಜವಾಗಿ ಲೇತ್ ಎಂದೂ ಹೇಳುತ್ತಿದ್ದ ಕಾಲವಿತ್ತು. 1941ರಲ್ಲಿ ಇಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ವರ್ಕ್‌ಶಾಪುಗಳಿಗೆ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳನ್ನು ಕಳಿಸಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರಾಯಿತು. ಲೇತ್ ಕಟ್ಟುವವನ ಬದುಕು ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲಿ ಎರಡು ಪಾಲು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನೋಡುವುದರಲ್ಲಿ ಸವೆಯುತ್ತದೆ. ತಲೆಗೂದಲಿನ ದಪ್ಪವೇ ಅಂಥ ಆರೇಳು ಪಾಲು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಟರ್ನರ್, ಫಿಟ್ಟರ್, ಗ್ರೈಂಡರ್‌ಗಳ ಕೈ ಮುಚ್ಚಿಹೋಗಲಿಲ್ಲ, ಸಣ್ಣ ಶೆಡ್ಡುಗಳಲ್ಲಿ ಬಾಡಿಗೆ ಕೆಲಸಕ್ಕೆ ಇಳಿಯಿತು. ಹದಿನೈದು ಕಿಲೋಮೀಟರ್ ಆಚೆ ದಾವಣಗೆರೆಯಲ್ಲಿ 1951ರಲ್ಲಿ ಶುರುವಾದ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ, 1979ರ ಬಾಪೂಜಿ ತಾಂತ್ರಿಕ ವಿದ್ಯಾಲಯವಿದೆ, ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.ಗಳಿವೆ. ಇವುಗಳಲ್ಲಿ ಡಯಲ್ ಗೇಜ್ ಹಿಡಿಯಲು ಕಲಿತ ಹುಡುಗ, ಪಿ.ಬಿ. ರಸ್ತೆಯ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ ದಿನವೇ ಅದನ್ನು ಮರೆಯುತ್ತಾನೆ. ಅಳತೆ ಬಲ್ಲ ಊರಿನಲ್ಲಿ ಅಂದಾಜಿನ ರಿಪೇರಿ ನಡೆಯುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮುಂದಿನ ಎಕ್ಸೆಲ್ಲಿಗೆ ಈ ಅಳತೆ ಹಿಂದಿನದಕ್ಕಿಂತ ಹೆಚ್ಚು ಬೇಕು. ಹಿಂದಿನ ಚಕ್ರ ಗಾಡಿಯನ್ನು ತಳ್ಳಿದರೆ ಸಾಕು. ಫೋರ್ ವೀಲ್ ಗಾಡಿಯ ಮುಂದಿನ ಚಕ್ರ ಎಳೆಯಲೂ ಬೇಕು, ತಿರುಗಲೂ ಬೇಕು, ಅದೂ ಒಟ್ಟೊಟ್ಟಿಗೆ. ಹಾಗಾಗಿ ಅಲ್ಲಿ ಎರಡು ಜಾತಿಯ ಕೀಲುಗಳಿವೆ. ಒಂದು, ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗಿಸುವ ಕೀಲು. ಹಳೆಯ ಜೀಪು, ಲಾರಿಗಳಲ್ಲಿ ಕಿಂಗ್ ಪಿನ್, ಆಮೇಲಿನ ಅನೇಕ ಗಾಡಿಗಳಲ್ಲಿ ಬಾಲ್ ಜಾಯಿಂಟ್. ಇನ್ನೊಂದು, ಬಾಗಿದ ಕೋನದಲ್ಲೂ ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಶಾಫ್ಟಿನ ಕೀಲು. ಎರಡನೆಯದರಲ್ಲಿ ಎಲ್ಲಕ್ಕಿಂತ ಹಳೆಯದು ಅಧಿಕ ಚಿಹ್ನೆಯ ಆಕಾರದ ಕ್ರಾಸ್. ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಹೆಸರಿನಲ್ಲಿ ಜಗತ್ತು ಅದನ್ನು ಗುರುತಿಸುತ್ತದೆ. ಈ ಕ್ರಾಸಿಗೆ ಹುಟ್ಟುಗುಣವೊಂದಿದೆ: ನೇರವಾಗಿದ್ದಾಗ ಸಮನಾಗಿ ತಿರುಗುತ್ತದೆ, ಬಾಗಿದಾಗ ಏರುಪೇರಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಶಾಫ್ಟು 30 ಡಿಗ್ರಿ ಬಾಗಿದರೆ, ಚಕ್ರದ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಶೇಕಡ 15ರಷ್ಟು ಏರಿ, ಎರಡು ಸಲ ಶೇಕಡ 13ರಷ್ಟು ಇಳಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೆ ಎರಡು ಕ್ರಾಸ್ ಇರುವುದರಿಂದ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಮುಂದಿನ ಚಕ್ರದ ಹತ್ತಿರ ಇರುವುದು ಒಂದೇ; ಸರಿದೂಗಿಸಲು ಜೊತೆಗಾರನಿಲ್ಲ. ಆದ್ದರಿಂದ ಫೋರ್ ವೀಲ್ ಹಾಕಿ ಪೂರ್ತಿ ತಿರುವಿದಾಗ ಸ್ಟೀರಿಂಗ್ ಕೈಯನ್ನು ತಟ್ಟಿದ ಮಾತ್ರಕ್ಕೆ ಕ್ರಾಸ್ ಸವೆದಿದೆ ಎಂದಲ್ಲ. ಇದು ತಿಳಿಯದ ಕಾರಣಕ್ಕೇ ಚೆನ್ನಾಗಿರುವ ಕ್ರಾಸುಗಳು ಗ್ಯಾರೇಜಿನ ಮೂಲೆಯ ಡಬ್ಬ ಸೇರುತ್ತವೆ.

ಈ ಏರುಪೇರನ್ನು ತಪ್ಪಿಸಲು ಇಪ್ಪತ್ತನೆಯ ಶತಮಾನದ ಎಂಜಿನಿಯರುಗಳು ಸಮವೇಗದ ಕೀಲನ್ನು ಕಂಡುಹಿಡಿದರು. ಫ್ರಾನ್ಸಿನಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ ಟ್ರ್ಯಾಕ್ಟಾ ಜಾಯಿಂಟ್ ಮಾಡಿದರು; ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಆಲ್‌ಫ್ರೆಡ್ ರ್‌ಜೆಪ್ಪಾ ಆರು ಗುಂಡುಗಳನ್ನು ಪಂಜರದಲ್ಲಿ ಕೂಡಿಸಿದ ಜಾಯಿಂಟ್ ಮಾಡಿದ. ನಾವು ಇಂದು ಸಿ.ವಿ. ಎನ್ನುವ ಕೀಲು ಬಹುಪಾಲು ಆತನ ವಂಶದ್ದೇ. 1985ರ ಕೊನೆಗೆ ಬಂದ ಮಾರುತಿ ಜಿಪ್ಸಿಯ ಮುಂದಿನ ಎಕ್ಸೆಲ್ಲಿನಲ್ಲಿರುವುದೂ ಅದೇ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಬೆಂಡಿಕ್ಸ್, ರ್‌ಜೆಪ್ಪಾ, ಟ್ರ್ಯಾಕ್ಟಾ, ಸ್ಪೈಸರ್ ಎಂದು ನಾಲ್ಕು ಬಗೆಯ ಕೀಲುಗಳು ಬಳಕೆಯಾಗಿದ್ದವು. ಮಹೀಂದ್ರ ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದ್ದು ಇದೇ ವಿಲ್ಲಿಸ್ ಮನೆತನದ ಜೀಪನ್ನು. ಹೀಗಾಗಿ ಹಳೆಯ ಜೀಪಿನ ಮುಂದಿನ ಚಕ್ರದ ಪಕ್ಕದಲ್ಲಿ ಕೀಲನ್ನು ಮುಚ್ಚಿರುವ ಗೋಲದೊಳಗೆ ಕ್ರಾಸ್ ಇದೆಯೋ ಗುಂಡಿದೆಯೋ ಎಂಬುದನ್ನು ಹೊರಗಿನ ಬಣ್ಣ ನೋಡಿ ಹೇಳಲಾಗದು. ಕೈ ಬದಲಾದ ಗಾಡಿಗಳಲ್ಲಂತೂ ಎಡಕ್ಕೊಂದು ಬಲಕ್ಕೊಂದು ಬಗೆ ಇದ್ದರೂ ಅಚ್ಚರಿಪಡಬೇಕಿಲ್ಲ. ಏನಿದೆ ಎಂದು ತಿಳಿಯುವ ಮೊದಲೇ ಸ್ಪೇರ್ ಪಾರ್ಟ್ ಅಂಗಡಿಗೆ ಫೋನು ಮಾಡುವುದು ಮದ್ದು ತಂದ ಮೇಲೆ ರೋಗ ಹುಡುಕಿದ ಹಾಗೆ.

ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎಕ್ಸೆಲ್ಲಿನ ಕೆಳಗೆ ಜಾಕ್ ಏರಿಸಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಟೈರನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲುಗಿಸಿದರೆ ಕಿಂಗ್ ಪಿನ್, ಬಾಲ್ ಜಾಯಿಂಟ್ ಅಥವಾ ಹಬ್ ಬೇರಿಂಗಿನ ಆಟ ಕೈಗೆ ಬರುತ್ತದೆ. ಒಂಬತ್ತು ಮತ್ತು ಮೂರರ ಜಾಗದಲ್ಲಿ ಅಲುಗಿಸಿದರೆ ಟೈ ರಾಡ್, ಡ್ರ್ಯಾಗ್ ಲಿಂಕುಗಳದ್ದು. ಇಷ್ಟು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಆಮೇಲಿನ ಹೆಜ್ಜೆಯೇ ಬಹಳ ಕಡೆ ತಪ್ಪಿಹೋಗುವುದು. ಒಬ್ಬರು ಒಳಗೆ ಕೂತು ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮತ್ತೆ ಹನ್ನೆರಡು–ಆರರಲ್ಲಿ ಅಲುಗಿಸಬೇಕು. ಬ್ರೇಕ್ ಹಿಡಿದಾಗ ಹಬ್ಬೂ ಅದನ್ನು ಹೊತ್ತು ತಿರುಗುವ ನಕಲ್ಲೂ ಒಂದೇ ತುಂಡಾಗಿ ಬಿಗಿಯುವುದರಿಂದ ಬೇರಿಂಗಿನ ಆಟ ಅಡಗುತ್ತದೆ. ಅಲುಗಾಟ ನಿಂತಿತೇ, ತಪ್ಪು ಬೇರಿಂಗಿನದು, ಬಹುಶಃ ನಟ್ಟು ಬಿಗಿದರೆ ಮುಗಿಯಿತು. ನಿಲ್ಲಲಿಲ್ಲವೇ, ತಪ್ಪು ಕಿಂಗ್ ಪಿನ್ನಿನದು ಅಥವಾ ಬಾಲ್ ಜಾಯಿಂಟಿನದು. ಒಂದು ಕಾಲಿನ ಒತ್ತಡದಿಂದ ಸಾವಿರಾರು ರೂಪಾಯಿಯ ಬೇರಿಂಗ್ ಉಳಿಯಬಹುದು. ಇದಾದ ಮೇಲೆ ಮ್ಯಾಗ್ನೆಟ್ ಬೇಸಿನ ಡಯಲ್ ಗೇಜನ್ನು ಎಕ್ಸೆಲ್ ಹೌಸಿಂಗಿಗೆ ಅಂಟಿಸಿ, ಅದರ ಮೊನೆಯನ್ನು ನಕಲ್ಲಿನ ಮೇಲ್ಭಾಗಕ್ಕೆ ತಾಗಿಸಿ, ಟೈರಿನ ಕೆಳಗೆ ಹಾರೆ ಕೊಟ್ಟು ಎತ್ತಿ ಇಳಿಸಬೇಕು. ಮುಳ್ಳು ಎಷ್ಟು ಓಡಿತೋ ಅಷ್ಟನ್ನು ಬರೆದುಕೊಳ್ಳಬೇಕು. ಕೆಳಭಾಗಕ್ಕೆ ಇನ್ನೊಂದು, ಆಚೆ ಚಕ್ರಕ್ಕೆ ಎರಡು. ನಾಲ್ಕು ಅಂಕಿ. ಅವನ್ನು ಆ ಗಾಡಿಯ ಸರ್ವಿಸ್ ಪುಸ್ತಕದ ಮಿತಿಯ ಪಕ್ಕದಲ್ಲಿಟ್ಟು ನೋಡಿದರೆ ವಾದವೇ ಉಳಿಯುವುದಿಲ್ಲ.

ಶಾಫ್ಟಿನ ಕೀಲಿಗೆ ಬೇರೆ ಪರೀಕ್ಷೆ. ಕ್ರಾಸಿನ ನಾಲ್ಕು ತೋಳುಗಳ ಟೋಪಿಗಳ ಸುತ್ತ ಕೆಂಪು ತುಕ್ಕಿನ ಪುಡಿ ಉದುರಿದ್ದರೆ ಒಳಗಿನ ಸೂಜಿ ಬೇರಿಂಗ್ ಒಣಗಿ ಎಷ್ಟೋ ದಿನವಾಗಿದೆ ಎಂದರ್ಥ. ಬಿಚ್ಚಿದ ಕ್ರಾಸಿನ ತೋಳಿನ ಮೇಲೆ ಉಗುರು ಎಳೆದರೆ ಸೂಜಿಗಳು ಕೂತು ಮೂಡಿಸಿದ ಗೆರೆಗಳಿಗೆ ಉಗುರು ತಡೆಯುತ್ತದೆ. ತಡೆದರೆ ಮತ್ತೆ ಗ್ರೀಸು ತುಂಬಿ ಪ್ರಯೋಜನವಿಲ್ಲ. ಸಿ.ವಿ. ಜಾಯಿಂಟಿನದ್ದು ಇನ್ನೊಂದು ಭಾಷೆ: ಫೋರ್ ವೀಲ್ ಹಾಕಿ, ಮಣ್ಣಿನ ಮೈದಾನದಲ್ಲಿ ನಿಧಾನವಾಗಿ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ಸುತ್ತಿದಾಗ ಒಂದು ಕಡೆಯಿಂದ ಮಾತ್ರ ಟಿಕ್ ಟಿಕ್ ಬಂದು, ವೇಗದ ಜೊತೆ ಚುರುಕಾದರೆ, ಗುಂಡು ಓಡುವ ದಾರಿಯಲ್ಲಿ ಗುಳಿ ಬಿದ್ದಿದೆ. ಮುಚ್ಚಿದ ಗೋಲವಿರುವ ಎಕ್ಸೆಲ್ಲಿನಲ್ಲಿ ಗೋಲದ ಕೆಳಗೆ ಗ್ರೀಸಿನ ಬದಲು ತೆಳ್ಳಗಿನ ಕಪ್ಪು ಗಂಜಿ ಇಳಿಯುತ್ತಿದ್ದರೆ ಡಿಫರೆನ್ಷಿಯಲ್ಲಿನ ಗೇರ್ ಆಯಿಲ್ ಒಳಗಿನ ಸೀಲು ದಾಟಿ ಬಂದು ಗ್ರೀಸನ್ನು ಕರಗಿಸಿದೆ. ಆಗ ಹೊಸ ಜಾಯಿಂಟ್ ಹಾಕಿ ಹಳೆಯ ಸೀಲು ಬಿಟ್ಟರೆ, ಹೊಸದೂ ಅದೇ ಗಂಜಿಯಲ್ಲೇ ಸಾಯುತ್ತದೆ. ಭದ್ರಾ ನಾಲೆಯ ಏರಿಯ ಮೇಲೆ, ನಾಟಿ ಗದ್ದೆಯ ಬದುವಿನಲ್ಲಿ, ಹರಿಹರ ಸುತ್ತಿನ ಎರೆಮಣ್ಣಿನಲ್ಲಿ ಓಡುವ ಗಾಡಿಗಳಿಗೆ ಈ ಸೀಲೇ ಪ್ರಾಣ. ಎರೆಮಣ್ಣು ಹಸಿಯಿದ್ದಾಗ ಅಂಟುತ್ತದೆ, ಒಣಗಿದಾಗ ಉಪ್ಪುಕಾಗದದಂತೆ ರಬ್ಬರನ್ನು ತಿನ್ನುತ್ತದೆ.

ಇಲ್ಲಿ ನನ್ನ ವಾದದ ತಿರುಳು ಬರುತ್ತದೆ. ಈ ಕೀಲುಗಳು ಒಂದೊಂದೂ ಬೇರೆ ಬೇರೆ ಸಂಸಾರ ಹೂಡಿದವಲ್ಲ. ಶಾಫ್ಟಿನ ಕ್ರಾಸು ಅಥವಾ ಸಿ.ವಿ. ಕೂರಬೇಕಾದದ್ದು ಕಿಂಗ್ ಪಿನ್ನುಗಳ ನಡುಗೆರೆಯ ಮೇಲೆ, ಕರಾರುವಾಕ್ಕಾಗಿ. ಕಿಂಗ್ ಪಿನ್ ಸವೆದು ನಕಲ್ ಪಕ್ಕಕ್ಕೆ ಸರಿದರೆ ಆ ಗೆರೆ ತಪ್ಪುತ್ತದೆ. ಪ್ರತಿ ತಿರುವಿನಲ್ಲೂ ಕ್ರಾಸನ್ನು ಒಳಕ್ಕೆ ಹೊರಕ್ಕೆ ಜಗ್ಗುತ್ತದೆ. ಕ್ರಾಸು ಬೇಗ ಸವೆಯುತ್ತದೆ, ಸದ್ದು ಕ್ರಾಸಿನಿಂದ ಬರುತ್ತದೆ, ಶಿಕ್ಷೆಯೂ ಕ್ರಾಸಿಗೇ ಆಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಸ್ಟೀರಿಂಗಿನ ನಡುಕದಲ್ಲೂ ಇದೇ ಕತೆ. ಕಿಂಗ್ ಪಿನ್ ಬೇರಿಂಗುಗಳಿಗೆ ತಕ್ಕಷ್ಟು ಬಿಗಿ ಇರಬೇಕು; ಶಿಮ್ ಎಂಬ ತೆಳು ತಗಡು ತೆಗೆದು ಹಾಕಿ ಆ ಬಿಗಿಯನ್ನು ಹೊಂದಿಸಿ, ಟೈ ರಾಡ್ ಬಿಚ್ಚಿದ ಮೇಲೆ ಸ್ಟೀರಿಂಗ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಅಳೆಯುವುದು ಪುಸ್ತಕದ ವಿಧಾನ. ಬಿಗಿ ಸಡಿಲವಾದಾಗ ರಸ್ತೆಯ ಒಂದು ಗುಂಡಿ ಸಾಕು, ಎರಡೂ ಚಕ್ರ ಕುಣಿಯಲು ಶುರುವಾಗುತ್ತದೆ, ವೇಗ ತಗ್ಗಿಸುವ ತನಕ ನಿಲ್ಲುವುದಿಲ್ಲ. ಇದಕ್ಕೆ ಬಹಳ ಕಡೆ ಕೊಡುವ ಮದ್ದು ಸ್ಟೀರಿಂಗ್ ಡ್ಯಾಂಪರ್. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ಸವೆತವನ್ನಲ್ಲ. ಒಳಗೆ ಆಟ ಬೆಳೆಯುತ್ತಲೇ ಇರುತ್ತದೆ, ಡ್ಯಾಂಪರ್ ಸೋತ ದಿನ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ತುಂಬಿದ ಗಾಡಿಯಲ್ಲಿ ಅದು ಹೊರಬೀಳುತ್ತದೆ.

ಅನುಭವಿ ಮೆಕ್ಯಾನಿಕ್‌ನ ಕೈಗೇ ಎಲ್ಲ ತಿಳಿಯುತ್ತದೆ, ಗೇಜು ಯಾಕೆ ಎಂಬ ಮಾತು ಬಂದೇ ಬರುತ್ತದೆ. ಆ ಕೈಯ ಬಗ್ಗೆ ನನಗೆ ಗೌರವವಿದೆ. ಆಟ ಇದೆಯೋ ಇಲ್ಲವೋ ಎಂಬುದನ್ನು ಅದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದೆ ಹೇಳುತ್ತದೆ. ಆದರೆ ಎಷ್ಟಿದೆ, ಎಲ್ಲಿದೆ ಎಂಬ ಪ್ರಶ್ನೆಗೆ ಕೈ ಮೋಸಹೋಗುತ್ತದೆ, ಅದಕ್ಕೆ ಲೆಕ್ಕವೇ ಸಾಕ್ಷಿ. ಮೇಲಿನ ಮತ್ತು ಕೆಳಗಿನ ಕೀಲಿನ ನಡುವೆ 15 ಸೆಂಟಿಮೀಟರ್ ಅಂತರ, ಟೈರಿನ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎರಡೂ ಕೀಲಿನಲ್ಲಿ ಬರೀ ಅರ್ಧರ್ಧ ಮಿಲಿಮೀಟರ್ ಆಟವಿದ್ದರೆ ಟೈರಿನ ಅಂಚಿನಲ್ಲಿ ಅದು ಎರಡೂ ಕಾಲು ಮಿಲಿಮೀಟರಿಗಿಂತ ಹೆಚ್ಚಾಗಿ ಕಾಣುತ್ತದೆ. ಅದಕ್ಕೆ ಬೇರಿಂಗಿನ ಆಟ ಸೇರಿದರೆ ಕೈಗೆ ಸಿಗುವುದು ಎರಡರ ಮೊತ್ತ, ಬಿಡಿಬಿಡಿಯಾಗಿ ಅಲ್ಲ. ಅದಲ್ಲದೆ ಕೈಯ ಅರಿವನ್ನು ಬರೆದಿಡಲಾಗದು. ಕಳೆದ ವರ್ಷ ಇದೇ ಕೀಲಿನಲ್ಲಿ ಎಷ್ಟಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಸವೆತ ನಿಧಾನವಾಗಿ ಬೆಳೆಯುತ್ತಿದೆಯೇ, ಮೂರು ತಿಂಗಳಲ್ಲಿ ದುಪ್ಪಟ್ಟಾಯಿತೇ ಎಂಬುದೇ ಮುಖ್ಯವಾದ ಸುದ್ದಿ, ಅದು ಬರೆದ ಅಂಕಿಯಲ್ಲಿ ಮಾತ್ರ ಸಿಗುತ್ತದೆ. ಸ್ಟ್ಯಾಂಡ್ ಸಮೇತ ಒಂದು ಡಯಲ್ ಗೇಜಿಗೆ ಕೆಲವು ಸಾವಿರ ರೂಪಾಯಿ ಸಾಕು. ಒಂದೆರಡು ತಪ್ಪು ರಿಪೇರಿಯ ಬೆಲೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಳೆಯಲು ಒಂದು ಗಂಟೆ ಹಿಡಿಯುತ್ತದೆ, ಆ ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ. ಇದು ನಿಜ, ಮತ್ತು ತಪ್ಪು ಮೆಕ್ಯಾನಿಕ್‌ನದಲ್ಲ. ವೈದ್ಯರಿಗೆ ನೋಡಿದ್ದಕ್ಕೆ ಫೀಸು ಕೊಡುವ ನಾವು ಮೆಕ್ಯಾನಿಕ್‌ಗೆ ಹಾಕಿದ್ದಕ್ಕೆ ಮಾತ್ರ ಕೊಡುತ್ತೇವೆ. ‘ಏನೂ ಬದಲಿಸಬೇಕಿಲ್ಲ, ನಟ್ಟು ಬಿಗಿದಿದ್ದೇನೆ’ ಎಂದ ಪ್ರಾಮಾಣಿಕನಿಗೆ ಐವತ್ತು ರೂಪಾಯಿ, ಮೂರು ಭಾಗ ಬದಲಿಸಿದವನಿಗೆ ಮೂರು ಸಾವಿರ. ಹೀಗಿರುವಾಗ ಭಾಗ ಬದಲಿಸುವವನೇ ಉಳಿಯುತ್ತಾನೆ. ಹುಡುಕಿ ಹೇಳುವವನು ಬೇರೆ ಕಸುಬು ನೋಡಿಕೊಳ್ಳುತ್ತಾನೆ. ಪತ್ತೆಗೇ ಒಂದು ದರ ಇರಬೇಕು, ಗ್ಯಾರೇಜಿನ ಗೋಡೆಯ ಮೇಲೆ ಅದನ್ನು ಬರೆದಿರಬೇಕು, ಏನೂ ಬದಲಿಸದಿದ್ದರೂ ಗಿರಾಕಿ ಅದನ್ನು ಕೊಡಬೇಕು. ಗಾಡಿ ಇಟ್ಟುಕೊಂಡ ನಮ್ಮ ಮೇಲೆ ಇರುವ ಜವಾಬ್ದಾರಿ ಇದು. ಹಾಗೆಯೇ ಕೂರಿಸುವ ಕೆಲಸಕ್ಕೂ ತಕ್ಕ ಕೂಲಿ ಬೇಕು. ಹೊಸ ಕ್ರಾಸನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದನ್ನು ಹಿಡಿಯುವ ಯೋಕಿನ ಕಿವಿಗಳು ಅಗಲವಾಗುತ್ತವೆ, ಟೋಪಿಯೊಳಗಿನ ಒಂದು ಸೂಜಿ ಅಡ್ಡ ಬಿದ್ದರೆ ಟೋಪಿ ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರುವುದಿಲ್ಲ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸಲು ಇಪ್ಪತ್ತು ನಿಮಿಷ ಹೆಚ್ಚು. ಆ ಇಪ್ಪತ್ತು ನಿಮಿಷ ಉಳಿಸುವುದು ಸಂತೆಗೆ ಮೂರು ಮೊಳ ನೇಯ್ದಂತೆ.

ಇನ್ನು ಅಪ್‌ಗ್ರೇಡಿನ ಮಾತು. ಗಟ್ಟಿ ಭಾಗ ಹಾಕಿದರೆ ಅಳೆಯುವ ತಂಟೆಯೇ ಇಲ್ಲವಲ್ಲ ಎಂಬ ಆಸೆ ಸಹಜ. ಆದರೆ ಎಕ್ಸೆಲ್ ಸರಪಳಿಯಿದ್ದಂತೆ, ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ಮುರಿಯುತ್ತದೆ. ಕ್ರಾಸ್ ಮುರಿದರೆ ನಷ್ಟ ಸಣ್ಣದು, ಚಕ್ರ ಬಿಚ್ಚಿ ಬದಲಿಸಬಹುದು. ಕ್ರೋಮ್–ಮಾಲಿಬ್ಡಿನಮ್ ಉಕ್ಕಿನ ಶಾಫ್ಟು, ಜಾಯಿಂಟು ಹಾಕಿದ ಮೇಲೆ ಮುರಿಯುವ ಸರದಿ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ನಿನದು; ಆ ಖರ್ಚು ಎಷ್ಟು ಪಟ್ಟು ಎಂದು ಯಾವ ಜೀಪಿನ ಮಾಲೀಕರಿಗೂ ಹೇಳಬೇಕಿಲ್ಲ. ಮೊದಲು ಕೇಳಬೇಕಾದದ್ದು ಕೀಲು ಮುರಿದದ್ದು ಯಾಕೆ ಎಂದು. ಬಹಳಷ್ಟು ಸಲ ಉತ್ತರ ಟೈರಿನಲ್ಲಿದೆ. 28 ಅಂಗುಲದ ಟೈರಿನ ಜಾಗದಲ್ಲಿ 31 ಅಂಗುಲದ್ದು ಹಾಕಿದರೆ ಶಾಫ್ಟಿನ ಮೇಲಿನ ತಿರುಚು ಶೇಕಡ ಹತ್ತಕ್ಕಿಂತ ಹೆಚ್ಚಾಗುತ್ತದೆ, ಭಾರ ಬೇರೆ. ಅದನ್ನು ಇಳಿಸಿ ಕಂಪನಿಯ ಅಳತೆಗೆ ಮರಳುವುದೇ ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್. ಇನ್ನೊಂದು ಕಾರಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸುವುದು. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಎಕ್ಸೆಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದೆ 35 ಸೆಂಟಿಮೀಟರ್ ತ್ರಿಜ್ಯದ ಹೊಸ ಟೈರು, ಹಿಂದೆ ಸವೆದು 34 ಆದ ಟೈರು ಇದ್ದರೆ ಒಂದು ಕಿಲೋಮೀಟರಿನಲ್ಲಿ ಮುಂದಿನ ಚಕ್ರ ಸುಮಾರು 29 ಮೀಟರ್ ಹೆಚ್ಚು ಓಡಬೇಕೆನ್ನುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ಲೆಕ್ಕ ತೀರುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಅಷ್ಟೂ ತಿರುಚು ಕೀಲುಗಳ ಮೇಲೆ ಕೂರುತ್ತದೆ.

ಹಾಗೆಂದು ಎಲ್ಲ ಅಪ್‌ಗ್ರೇಡೂ ಬೇಡವೆಂದಲ್ಲ. ಮುಂದಿನ ಶಾಫ್ಟನ್ನು ರಸ್ತೆಯಲ್ಲಿ ಸುಮ್ಮನೆ ನಿಲ್ಲಿಸುವ ಫ್ರೀ ವೀಲಿಂಗ್ ಹಬ್ ಒಳ್ಳೆಯ ಹೂಡಿಕೆ, ತಿಂಗಳಿಗೊಮ್ಮೆಯಾದರೂ ಲಾಕ್ ಮಾಡಿ ಸ್ವಲ್ಪ ದೂರ ಓಡಿಸಿ ಗ್ರೀಸು ಹರಡುವುದಾದರೆ. ಕ್ರಾಸಿನಲ್ಲಿ ಎರಡು ಬಗೆ: ನಿಪ್ಪಲ್ ಇರುವುದು, ಪೂರ್ತಿ ಮುಚ್ಚಿದ್ದು. ನಿಪ್ಪಲ್ ಇರುವುದರ ಮೈಯಲ್ಲಿ ತೂತು ಕೊರೆದಿರುವುದರಿಂದ ಬಲ ಸ್ವಲ್ಪ ಕಡಿಮೆ. ಕಲ್ಲು ಬಂಡೆ ಹತ್ತುವವರು ಮುಚ್ಚಿದ್ದನ್ನು ಮೆಚ್ಚುತ್ತಾರೆ. ಆದರೆ ವರ್ಷದಲ್ಲಿ ಐದಾರು ತಿಂಗಳು ನೀರು, ಕೆಸರಿನಲ್ಲಿ ಇಳಿದೇಳುವ ನಮ್ಮ ಗಾಡಿಗೆ ಒಳಗೆ ಸೇರಿದ ನೀರನ್ನು ಹೊಸ ಗ್ರೀಸಿನಿಂದ ಹೊರತಳ್ಳುವ ದಾರಿ ಬೇಕು. ಇಲ್ಲಿಗೆ ನಿಪ್ಪಲ್ ಇರುವುದೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೀಲಿಗೆ ಜಿಡ್ಡು ಕೊಡುವ ರೂಢಿ ನಮಗೆ ಹೊಸದೂ ಅಲ್ಲ: ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆಯ ಕೊಳವೆ ಅಚ್ಚಿನ ಪಕ್ಕದಲ್ಲೇ ತೂಗುತ್ತಿತ್ತು, ಎಣ್ಣೆ ಹಾಕದೆ ಯಾರೂ ದೂರದ ಸಂತೆಗೆ ಹೊರಡುತ್ತಿರಲಿಲ್ಲ. ಕಿಂಗ್ ಪಿನ್ನಿನ ವಿಷಯಕ್ಕೆ ಬಂದರೆ, ಅದನ್ನು ಇಲ್ಲಿಯ ಲೇತಿನಲ್ಲೇ ಕಡೆಸುವ ರೂಢಿಯಿದೆ. ಕಡೆಯಲಿ, ಹರಿಹರದ ಟರ್ನರಿಗೆ ಅಳತೆ ತಪ್ಪುವುದಿಲ್ಲ. ಆದರೆ ಕಡೆದ ಪಿನ್ನು ಮೇಲ್ಮೈ ಗಟ್ಟಿಯಾಗುವ ಹಾಗೆ ಹೀಟ್ ಟ್ರೀಟ್‌ಮೆಂಟ್ ಆಗಬೇಕು, ಹಾರ್ಡ್‌ನೆಸ್ ಪರೀಕ್ಷೆಯಲ್ಲಿ ರಾಕ್‌ವೆಲ್ ಸಿ ಅಳತೆಯ 60ರ ಆಸುಪಾಸು ಬರಬೇಕು. ಮೆತ್ತನೆಯ ಉಕ್ಕಿನಲ್ಲಿ ಹೊಳೆಯುವ ಹಾಗೆ ಕಡೆದ ಪಿನ್ನು ಒಂದು ಮಳೆಗಾಲ ಬಾಳುವುದಿಲ್ಲ. ಸವೆದ ನಕಲ್ಲಿಗೆ, ಸ್ಟೀರಿಂಗ್ ತೋಳಿಗೆ ವೆಲ್ಡಿಂಗ್ ಮಾಡಿಸುವುದನ್ನು ಮಾತ್ರ ಯಾರೂ, ಯಾವ ಕಾರಣಕ್ಕೂ ಒಪ್ಪಬಾರದು.

ಹಳೆಯ ಗಾಡಿಗೆ ಇಷ್ಟೆಲ್ಲ ಯಾಕೆ, ಹೊಸದು ಕೊಂಡರಾಯಿತಲ್ಲ ಎಂಬ ಮಾತಿಗೆ ಸರ್ಕಾರದ ನೀತಿಯ ಬೆಂಬಲವೂ ಇದೆ. 2021ರ ಆಗಸ್ಟ್‌ನಲ್ಲಿ ಪ್ರಧಾನಿ ಗುಜರಿ ನೀತಿಗೆ ಚಾಲನೆ ಕೊಟ್ಟರು; 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಖಾಸಗಿ ಕಾರು, ಜೀಪಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು; 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದಾಯಿತು. ಹೊಗೆಯ ವಿಷಯದಲ್ಲಿ ಹಳೆಯ ಎಂಜಿನ್ನಿಗೆ ವಿನಾಯಿತಿ ಕೇಳುವವನು ನಾನಲ್ಲ. ಹೊಗೆಯನ್ನು ಹೊಗೆಯ ಯಂತ್ರದಲ್ಲೇ ಅಳೆದು ತೀರ್ಮಾನಿಸಲಿ. ಚಾಸಿಸ್ ತುಕ್ಕು ಹಿಡಿದ ಗಾಡಿ ಗುಜರಿಗೇ ಹೋಗಲಿ. ಆದರೆ ಸುರಕ್ಷತೆಯ ಹೆಸರಿನಲ್ಲಿ ವಯಸ್ಸನ್ನು ಎಣಿಸುವುದು ಅಳತೆಯಲ್ಲ. ಐದು ವರ್ಷದ ಗಾಡಿಯೂ ಗ್ರೀಸು ಕಾಣದಿದ್ದರೆ ಕಿಂಗ್ ಪಿನ್ ಕಳೆದುಕೊಳ್ಳುತ್ತದೆ, ಇಪ್ಪತ್ತೈದರದ್ದು ಬಿಗಿಯಾಗಿರಬಲ್ಲದು. ಬ್ರಿಟನ್‌ನಲ್ಲಿ 1960ರಿಂದ ನಡೆಯುತ್ತಿರುವ ಎಂ.ಒ.ಟಿ. ಪರೀಕ್ಷೆಯಲ್ಲಿ ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ತಪಾಸಣೆಗೆ ನಿಲ್ಲುತ್ತದೆ, ಕೀಲುಗಳ ಆಟ ಅಲ್ಲಿ ನೋಡುವ ಸಂಗತಿಗಳಲ್ಲೊಂದು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಫೇಲು ಮಾಡುವುದಿಲ್ಲ. ನಮ್ಮ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ 2021ರ ನಿಯಮದಲ್ಲೂ ಜಾಯಿಂಟ್ ಪ್ಲೇ ಪರೀಕ್ಷೆಗೆ ಜಾಗವಿದೆ. ಬದಲಾವಣೆಯ ಹುಚ್ಚಿಗೂ ಕಾನೂನಿನ ಗೆರೆಯಿದೆ: ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಮತ್ತು ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸವೆದ ಕೀಲನ್ನು ಅದೇ ಅಳತೆಯ ಒಳ್ಳೆಯ ಕೀಲಿನಿಂದ ಬದಲಿಸುವುದಕ್ಕೂ ಗಾಡಿಯ ಸ್ವರೂಪವನ್ನೇ ಬದಲಿಸುವುದಕ್ಕೂ ಬಹಳ ಅಂತರವಿದೆ.

ದಾವಣಗೆರೆಯಲ್ಲಿ ಇದನ್ನು ಶುರುಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಐ.ಟಿ.ಐ. ತನ್ನ ಮೋಟಾರ್ ಮೆಕ್ಯಾನಿಕ್ ವಿಭಾಗದಲ್ಲಿ ತಿಂಗಳಿಗೊಂದು ಶನಿವಾರ ಅಳತೆಯ ದಿನ ಇಟ್ಟುಕೊಳ್ಳಲಿ. ವಿದ್ಯಾರ್ಥಿಗಳ ಕೈಗೆ ನಿಜವಾದ ಗಾಡಿ ಸಿಗುತ್ತದೆ, ರೈತರ ಕೈಗೆ ನಿಜವಾದ ಅಂಕಿ ಸಿಗುತ್ತದೆ. ಗ್ಯಾರೇಜುಗಳು ಒಂದು ಪುಟದ ಕಾರ್ಡು ಇಟ್ಟುಕೊಳ್ಳಲಿ: ತಾರೀಖು, ಕಿಲೋಮೀಟರು, ಎಡ ಬಲದ ಮೇಲಿನ ಕೆಳಗಿನ ಕೀಲಿನ ಆಟ, ಬ್ರೇಕ್ ಒತ್ತಿದಾಗ ಎಷ್ಟು ಬಿಟ್ಟಾಗ ಎಷ್ಟು, ಸೀಲಿನ ಸ್ಥಿತಿ, ಅಳೆದವರ ಸಹಿ. ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಂದು ಸಲ, ಕೊಯ್ಲು ಮುಗಿದ ಮೇಲೆ ಇನ್ನೊಂದು ಸಲ ಅದನ್ನು ತುಂಬಿದರೆ ಸಾಕು. ಅದೇ ಹೊತ್ತಿಗೆ ನಿಪ್ಪಲ್ ಇರುವ ಪ್ರತಿ ಕ್ರಾಸಿಗೂ ಗ್ರೀಸ್ ಗನ್ ಹಿಡಿದು, ನಾಲ್ಕೂ ಟೋಪಿಗಳಿಂದ ಹಳೆಯ ಕಪ್ಪು ಗ್ರೀಸು ಹೋಗಿ ಹೊಸದು ಇಣುಕುವ ತನಕ ಒತ್ತಬೇಕು. ಮೂರು ಟೋಪಿಯಿಂದ ಬಂದು ನಾಲ್ಕನೆಯದರಿಂದ ಬರದಿದ್ದರೆ ಅದರ ದಾರಿ ಕಟ್ಟಿಕೊಂಡಿದೆ, ಅಲ್ಲಿಯ ಸೂಜಿಗಳು ಒಣಗುತ್ತಿವೆ. ಯಾವ ಚಕ್ರ, ಯಾವ ಟೋಪಿ ಎಂದು ಕಾರ್ಡಿನ ಕೆಳಗೆ ಬರೆದಿಡಬೇಕು.